ಒಂದು ಯಂತ್ರದೊಳಗೆ ಹಲವು ಯಂತ್ರಗಳು: ಕಚೇರಿಯ ಸರ್ವರನ್ನೂ ಅದರ ಉಗ್ರಾಣವನ್ನೂ ಅಣಿಗೊಳಿಸುವ ಬಗೆ

ಲೆಕ್ಕದ ಪುಸ್ತಕವೇ ವ್ಯಾಪಾರದ ಜೀವಾಳವೆಂಬುದನ್ನು ಗಲ್ಲೆಯ ಮೇಲೆ ಕುಳಿತವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಹಿಂದೆ ಆ ಪುಸ್ತಕವು ಕೆಂಪು ಬಟ್ಟೆಯ ಹೊದಿಕೆಯೊಳಗೆ ಮಾಲಿಕರ ಕೈಯಳತೆಯಲ್ಲಿಯೇ ಇರುತ್ತಿತ್ತು. ಇಂದು ಬಿಲ್ಲು, ದಾಸ್ತಾನು, ಕೆಲಸಗಾರರ ಹಾಜರಿ, ಸಂಬಳ, ಪ್ರಾವಿಡೆಂಟ್ ಫಂಡಿನ ಲೆಕ್ಕ, ಜಿ.ಎಸ್.ಟಿ. ವಿವರ – ಇವೆಲ್ಲವೂ ಕಚೇರಿಯ ಮೂಲೆಯಲ್ಲಿ ಹಗಲಿರುಳು ಗುಂಯ್‌ಗುಡುವ ಸರ್ವರ್ ಎಂಬ ಯಂತ್ರದ ಹೊಟ್ಟೆಯನ್ನು ಸೇರಿವೆ. ಜಿ.ಎಸ್.ಟಿ. ಕಾಯಿದೆಯ ಪ್ರಕಾರ, ವಾರ್ಷಿಕ ವಿವರವನ್ನು ಸಲ್ಲಿಸಲು ಗೊತ್ತಾದ ಕಡೆಯ ದಿನದಿಂದ ೭೨ ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡತಕ್ಕದ್ದು. ಆ ಯಂತ್ರವು ಒಂದು ಮುಂಜಾನೆ ಮೂಕವಾಯಿತೆಂದರೆ ಮಾಲಿಕನಿಗೆ ನಷ್ಟ, ಗುಮಾಸ್ತನಿಗೆ ಅಪವಾದ, ಕೆಲಸಗಾರನ ಸಂಬಳಕ್ಕೆ ತಡೆ.

ಆದುದರಿಂದ ಈ ಯಂತ್ರವನ್ನು ಕುರಿತು ನಮ್ಮವರು ನಾಲ್ಕು ಮಾತು ತಿಳಿದಿರುವುದು ಅವಶ್ಯ. ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ನಮ್ಮಲ್ಲಿ ಬಹಳ ಮಂದಿ. ಅಂಥವರಿಗೆ ಇದು ಕೈಗೆ ಎಟುಕಬಲ್ಲ ವಿದ್ಯೆ. ಹೆಚ್ಚಿನ ಬಂಡವಾಳವನ್ನು ಬೇಡದ ವಿದ್ಯೆ.

ಚಾಳು ಮತ್ತು ಖೋಲಿ

ಒಂದು ಕಚೇರಿಯಲ್ಲಿ ಬಿಲ್ಲಿನ ಕೆಲಸಕ್ಕೆ ಒಂದು, ಲೆಕ್ಕಕ್ಕೆ ಒಂದು, ಕಾಗದಪತ್ರಗಳನ್ನಿಡಲು ಒಂದು ಹೀಗೆ ಮೂರು ಸರ್ವರುಗಳಿದ್ದರೆ, ಅವು ಮೂರೂ ದಿನದ ಬಹುಭಾಗ ಕೈಕಟ್ಟಿ ಕುಳಿತಿರುತ್ತವೆ; ಆದರೆ ವಿದ್ಯುತ್ತು ಮೂರಕ್ಕೂ ಬೇಕು, ರಿಪೇರಿ ಮೂರಕ್ಕೂ ಬೇಕು. ಒಂದೇ ಬಲವಾದ ಯಂತ್ರವನ್ನು ಕೊಂಡು ಅದರೊಳಗೆ ಮೂರು ಯಂತ್ರಗಳಿರುವಂತೆ ವ್ಯವಸ್ಥೆ ಮಾಡುವುದೇ ವರ್ಚುವಲೈಸೇಶನ್. ಮುಂಬಯಿಯ ಚಾಳನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಕಟ್ಟಡ ಒಂದೇ, ನೀರಿನ ತೊಟ್ಟಿ ಒಂದೇ. ಖೋಲಿಗಳು ಮಾತ್ರ ಬೇರೆ ಬೇರೆ. ಒಂದು ಖೋಲಿಯವನು ತನ್ನ ಬಾಗಿಲನ್ನು ಮುಚ್ಚಿಕೊಂಡರೆ ಪಕ್ಕದವನ ಸಂಸಾರ ಅವನಿಗೆ ಕಾಣದು. ಹಾಗೆಯೇ ಇಲ್ಲಿ ಒಂದೊಂದು ಖೋಲಿಯೂ ಒಂದೊಂದು ವರ್ಚುವಲ್ ಮೆಷಿನ್. ಯಾರಿಗೆ ಎಷ್ಟು ನೀರು, ಎಷ್ಟು ಜಾಗ ಎಂದು ಹಂಚಿಕೊಡುವ ಮೇಲ್ವಿಚಾರಕನಿಗೆ ಹೈಪರ್‌ವೈಸರ್ ಎಂದು ಹೆಸರು.

ಈ ಉಪಾಯವು ನಿನ್ನೆ ಮೊನ್ನೆಯದಲ್ಲ. ಐ.ಬಿ.ಎಂ. ಕಂಪೆನಿಯು ೧೯೭೨ರಲ್ಲಿಯೇ ತನ್ನ ದೊಡ್ಡ ಯಂತ್ರಗಳಿಗಾಗಿ ವಿ.ಎಂ./೩೭೦ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಸಾಮಾನ್ಯ ಯಂತ್ರಗಳಿಗೆ ಇದನ್ನು ತಂದ ಕೀರ್ತಿ ೧೯೯೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ವಿಎಂವೇರ್ ಕಂಪೆನಿಯದು. ೨೦೦೫–೦೬ರಲ್ಲಿ ಇಂಟೆಲ್ ಮತ್ತು ಎ.ಎಂ.ಡಿ. ಕಂಪೆನಿಗಳು ತಮ್ಮ ಪ್ರೊಸೆಸರುಗಳಲ್ಲಿಯೇ ಇದಕ್ಕೆ ಬೇಕಾದ ಅನುಕೂಲವನ್ನು ಸೇರಿಸಿದವು. ೨೦೦೭ರಲ್ಲಿ ಕೆ.ವಿ.ಎಂ. ಎಂಬ ಭಾಗವು ಲಿನಕ್ಸಿನೊಳಗೆ ಸೇರಿದ ಮೇಲೆ ಹಣ ತೆರದೆಯೇ ಈ ಸೌಲಭ್ಯವನ್ನು ಪಡೆಯುವ ದಾರಿ ತೆರೆಯಿತು.

ಬಾಡಿಗೆಯ ಪ್ರಶ್ನೆ

೨೦೨೩ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪೆನಿಯು ವಿಎಂವೇರನ್ನು ಸುಮಾರು ೬,೯೦೦ ಕೋಟಿ ಡಾಲರುಗಳಿಗೆ ಕೊಂಡಿತು. ಮರುತಿಂಗಳೇ, ಒಮ್ಮೆ ಹಣ ಕೊಟ್ಟರೆ ಶಾಶ್ವತವಾಗಿ ದೊರೆಯುತ್ತಿದ್ದ ಪರವಾನಗಿಯ ಮಾರಾಟವನ್ನು ನಿಲ್ಲಿಸಿ, ಅವಧಿಗೆ ಚಂದಾ ತೆರುವ ಪದ್ಧತಿಯನ್ನು ಜಾರಿಗೆ ತಂದಿತು. ಪಗಡಿ ಕೊಟ್ಟು ಕುಳಿತಿದ್ದವನಿಗೆ ಇನ್ನು ಮುಂದೆ ಬಾಡಿಗೆ ಕರಾರೇ ಗತಿ ಎಂದಂತಾಯಿತು. ದೊಡ್ಡ ಸಂಸ್ಥೆಗಳು ಭಾರವನ್ನು ಹೊತ್ತಾವು; ಹತ್ತು ಹದಿನೈದು ಮಂದಿಯ ಕಚೇರಿಗೆ ಅದು ಸುಲಭವಲ್ಲ. ಹೀಗಾಗಿ ಅನೇಕರ ದೃಷ್ಟಿ ಆಸ್ಟ್ರಿಯ ದೇಶದ ವಿಯೆನ್ನಾ ನಗರದ ಪ್ರಾಕ್ಸ್‌ಮಾಕ್ಸ್ ಕಡೆಗೆ ಹೊರಳಿದೆ. ೨೦೦೮ರಲ್ಲಿ ಮೊದಲು ಹೊರಬಂದ ಇದು ಡೆಬಿಯನ್ ಲಿನಕ್ಸಿನ ಮೇಲೆ ನಿಂತಿದೆ. ಒಳಗೆ ಕೆಲಸ ಮಾಡುವುದು ಮೇಲೆ ಹೇಳಿದ ಕೆ.ವಿ.ಎಂ. ಇದರ ಬಳಕೆಗೆ ಹಣವಿಲ್ಲ. ಕಂಪೆನಿಯ ನೆರವೂ ಹೆಚ್ಚಾಗಿ ಪರೀಕ್ಷಿಸಿದ ಪರಿಷ್ಕರಣಗಳೂ ಬೇಕೆನ್ನುವವರು ಮಾತ್ರ ಚಂದಾ ಕೊಡಬೇಕು. ನಾವು ಇದನ್ನೇ ಉದಾಹರಣೆಗೆ ಎತ್ತಿಕೊಂಡಿದ್ದೇವೆ.

ಸ್ಥಾಪನೆಯ ಕ್ರಮ

ಕೊಳ್ಳುವ ಯಂತ್ರದಲ್ಲಿ ೬೪ ಜಿಬಿ ಮೆಮೊರಿ ಮತ್ತು ತಲಾ ೨ ಟಿಬಿಯ ಎರಡು ಎಸ್.ಎಸ್.ಡಿ. ಡಿಸ್ಕುಗಳಿವೆಯೆಂದು ಇಟ್ಟುಕೊಳ್ಳೋಣ. ಮೊದಲು ಯಂತ್ರದ ಬಯಾಸ್‌ನೊಳಗೆ ಹೊಕ್ಕು ವರ್ಚುವಲೈಸೇಶನ್ ಅನುಕೂಲವು ತೆರೆದಿದೆಯೇ ಎಂದು ನೋಡಬೇಕು. ಅದು ಮುಚ್ಚಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಬಳಿಕ ಪ್ರಾಕ್ಸ್‌ಮಾಕ್ಸಿನ ಐ.ಎಸ್.ಒ. ಕಡತವನ್ನು ಇಳಿಸಿಕೊಂಡು ಪೆನ್ ಡ್ರೈವಿಗೆ ಬರೆದು, ಅದರಿಂದಲೇ ಯಂತ್ರವನ್ನು ಪ್ರಾರಂಭಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. ಸ್ಥಾಪನೆಗೆ ಆರಿಸಿದ ಡಿಸ್ಕಿನಲ್ಲಿ ಹಿಂದೆ ಏನಿದ್ದರೂ ಅದು ಪೂರ್ತಿಯಾಗಿ ಅಳಿದುಹೋಗುತ್ತದೆ. ಹಳೆಯ ಲೆಕ್ಕವಿರುವ ಡಿಸ್ಕನ್ನು ಮೊದಲೇ ಬಿಚ್ಚಿ ಹೊರಗಿಡುವುದು ಕ್ಷೇಮ.

ಡಿಸ್ಕನ್ನು ಆರಿಸುವ ಪುಟದಲ್ಲಿಯೇ ಉಗ್ರಾಣದ ಭವಿಷ್ಯವು ನಿರ್ಧಾರವಾಗುತ್ತದೆ. ಎರಡು ಡಿಸ್ಕುಗಳಿರುವಾಗ ಜೆಡ್.ಎಫ್.ಎಸ್. ರೇಡ್–೧ ಎಂಬುದನ್ನು ಆರಿಸಿದರೆ, ಬರೆದ ಪ್ರತಿಯೊಂದು ಅಕ್ಷರವೂ ಎರಡರಲ್ಲಿಯೂ ದಾಖಲಾಗುವುದು. ೨ ಟಿಬಿಯ ಎರಡು ಡಿಸ್ಕು ಸೇರಿ ದೊರೆಯುವ ಜಾಗ ೪ ಅಲ್ಲ, ೨ ಮಾತ್ರ. ಉಳಿದ ಅರ್ಧ ಸುರಕ್ಷತೆಯ ಬೆಲೆ. ಒಂದು ಕೆಟ್ಟರೆ ಇನ್ನೊಂದರ ಮೇಲೆ ಕೆಲಸ ನಡೆಯುತ್ತದೆ. ಯಂತ್ರದಲ್ಲಿ ಹಾರ್ಡ್‌ವೇರ್ ರೇಡ್ ಕಾರ್ಡು ಇದ್ದರೆ ಅದರ ಮೇಲೆ ಜೆಡ್.ಎಫ್.ಎಸ್. ಹೂಡಕೂಡದು; ಇಬ್ಬರು ಮ್ಯಾನೇಜರುಗಳು ಒಂದೇ ಗಲ್ಲೆಯನ್ನು ನೋಡಿಕೊಂಡಂತಾಗುತ್ತದೆ.

ಮುಂದೆ ದೇಶ, ಕಾಲಮಾನ, ಗುಪ್ತಪದ, ಇಮೇಲು ವಿಳಾಸ ಇವುಗಳನ್ನು ಕೇಳುತ್ತದೆ. ಇಮೇಲು ವಿಳಾಸವನ್ನು ನಿಜವಾದದ್ದನ್ನೇ ಕೊಡಬೇಕು. ತೊಂದರೆಯ ಸೂಚನೆಗಳು ಬರುವುದು ಅಲ್ಲಿಗೆ. ಆಮೇಲೆ ಯಂತ್ರದ ಹೆಸರು, ಬದಲಾಗದ ಐ.ಪಿ. ವಿಳಾಸ, ಗೇಟ್‌ವೇ, ಡಿ.ಎನ್.ಎಸ್. ಇವುಗಳನ್ನು ತುಂಬಬೇಕು. ಹೆಸರನ್ನೂ ವಿಳಾಸವನ್ನೂ ಮುಂದೆ ಬದಲಾಯಿಸುವುದು ಪ್ರಯಾಸ; ಆದುದರಿಂದ ಮೊದಲೇ ಕಾಗದದ ಮೇಲೆ ಬರೆದುಕೊಂಡು ಕೂಡುವುದು ಮೇಲು.

ಯಂತ್ರವು ಮತ್ತೆ ಪ್ರಾರಂಭವಾದ ಮೇಲೆ ಅದರ ಮುಂದೆ ಕೂಡುವ ಅಗತ್ಯವಿಲ್ಲ. ಕಚೇರಿಯ ಬೇರಾವ ಕಂಪ್ಯೂಟರಿನ ಬ್ರೌಸರಿನಲ್ಲಿಯಾದರೂ ಸರ್ವರಿನ ವಿಳಾಸದೊಡನೆ ೮೦೦೬ ಎಂಬ ಪೋರ್ಟಿನ ಸಂಖ್ಯೆಯನ್ನು ಬರೆದರೆ ಆಡಳಿತದ ಪುಟವು ತೆರೆದುಕೊಳ್ಳುತ್ತದೆ. ಬ್ರೌಸರು ಮೊದಲು ಎಚ್ಚರಿಕೆ ಕೊಡುವುದು ಸಹಜ. ಪ್ರಮಾಣಪತ್ರಕ್ಕೆ ಸರ್ವರು ತಾನೇ ಸಹಿ ಹಾಕಿಕೊಂಡಿರುವುದೇ ಅದಕ್ಕೆ ಕಾರಣ. ಚಂದಾ ಇಲ್ಲದವರು ಚಂದಾದಾರರ ಭಂಡಾರವನ್ನು ನಿಲ್ಲಿಸಿ, ಚಂದಾರಹಿತ ಭಂಡಾರವನ್ನು ತೆರೆದು, ಪರಿಷ್ಕರಣಗಳನ್ನು ತರಿಸಿಕೊಳ್ಳಬೇಕು. ಈ ಆಡಳಿತದ ಪುಟವನ್ನು ಅಂತರಜಾಲಕ್ಕೆ ತೆರೆದಿಡುವುದು ಬೀದಿಗೆ ಗಲ್ಲೆಯನ್ನು ತೆರೆದಿಟ್ಟಂತೆ.

ಇಷ್ಟಾದ ಮೇಲೆ ಖೋಲಿಗಳನ್ನು ಕಟ್ಟುವ ಕೆಲಸ. ಬಿಲ್ಲಿನ ಯಂತ್ರಕ್ಕೆ ೮ ಜಿಬಿ ಮೆಮೊರಿ, ಲೆಕ್ಕದ ಯಂತ್ರಕ್ಕೆ ೧೬, ಕಾಗದಪತ್ರದ ಯಂತ್ರಕ್ಕೆ ೮ ಎಂದು ಹಂಚಿದರೆ ೩೨ ಆಯಿತು. ಉಳಿದುದನ್ನು ಸರ್ವರಿಗೂ ಜೆಡ್.ಎಫ್.ಎಸ್.ಗೂ ನಾಳೆಯ ಅಗತ್ಯಕ್ಕೂ ಬಿಡಬೇಕು. ಜೆಡ್.ಎಫ್.ಎಸ್. ತನ್ನ ವೇಗಕ್ಕಾಗಿ ಮೆಮೊರಿಯನ್ನು ಬಳಸುತ್ತದೆ. ಹಿಂದೆ ಅರ್ಧದಷ್ಟನ್ನು ತೆಗೆದುಕೊಳ್ಳುತ್ತಿತ್ತು, ೮.೧ರ ಆವೃತ್ತಿಯಿಂದೀಚೆಗೆ ಹೊಸದಾಗಿ ಸ್ಥಾಪಿಸಿದಲ್ಲಿ ಶೇಕಡಾ ೧೦, ಅದೂ ೧೬ ಜಿಬಿ ಮೀರದಂತೆ ಮಿತಿಗೊಳಿಸಿದೆ. ವಿಂಡೋಸನ್ನು ಸ್ಥಾಪಿಸುವವರು ವರ್ಟ್‌ಐಒ ಡ್ರೈವರುಗಳ ಐ.ಎಸ್.ಒ. ಕಡತವನ್ನೂ ಜೊತೆಗೆ ಜೋಡಿಸಬೇಕು. ಇಲ್ಲವಾದರೆ ವರ್ಟ್‌ಐಒ ಮಾದರಿಯ ಡಿಸ್ಕು ವಿಂಡೋಸಿನ ಕಣ್ಣಿಗೆ ಬೀಳದೆ, ಡಿಸ್ಕೇ ಇಲ್ಲವೆಂದು ಅದು ಹಟ ಹಿಡಿಯುತ್ತದೆ.

ಕೂಪನ್ನು ಹೆಚ್ಚು, ಅನ್ನ ಕಡಿಮೆ

ಉಗ್ರಾಣದ ವಿಷಯದಲ್ಲಿ ಬಹುಮಂದಿ ಎಡವುವ ಸ್ಥಳವೊಂದುಂಟು. ಒಂದು ಯಂತ್ರಕ್ಕೆ ೫೦೦ ಜಿಬಿ ಡಿಸ್ಕು ಎಂದು ಬರೆದುಕೊಟ್ಟರೂ ಅದು ನಿಜವಾಗಿ ೬೦ ಜಿಬಿಯನ್ನಷ್ಟೇ ತುಂಬಿದ್ದರೆ, ಉಗ್ರಾಣದಿಂದ ಹೋಗುವುದೂ ೬೦ ಮಾತ್ರ. ಇದಕ್ಕೆ ಥಿನ್ ಪ್ರೊವಿಜನಿಂಗ್ ಎನ್ನುತ್ತಾರೆ. ಖಾನಾವಳಿಯವರು ನೂರು ಊಟದ ಕೂಪನ್ನುಗಳನ್ನು ಮಾರಿ, ದಿನಾ ಬರುವವರು ಎಪ್ಪತ್ತೇ ಮಂದಿ ಎಂದು ಎಂಬತ್ತು ಊಟಕ್ಕೆ ಅಕ್ಕಿ ಹಾಕುವುದಿಲ್ಲವೆ? ಅದೇ ಲೆಕ್ಕ. ದಿನವೂ ನಡೆಯುತ್ತದೆ, ಆದರೆ ನೂರೂ ಮಂದಿ ಒಂದೇ ದಿನ ಎಲೆಯ ಮುಂದೆ ಕುಳಿತರೆ ಮರ್ಯಾದೆ ಹೋಗುತ್ತದೆ. ಖಾನಾವಳಿಯಲ್ಲಿ ಮತ್ತೊಂದು ಹಂಡೆ ಅನ್ನವನ್ನು ಇಳಿಸಬಹುದು. ಸರ್ವರಿನಲ್ಲಿ ಉಗ್ರಾಣವು ತುಂಬಿತೆಂದರೆ ಎಲ್ಲ ಯಂತ್ರಗಳ ಬರವಣಿಗೆಯೂ ಅರ್ಧದಲ್ಲಿ ನಿಂತು, ಲೆಕ್ಕದ ಕಡತಗಳೇ ಕೆಡುವ ಸಂಭವವುಂಟು. ಬರೆದುಕೊಟ್ಟ ಜಾಗವೆಷ್ಟು, ನಿಜವಾಗಿ ಉಳಿದ ಜಾಗವೆಷ್ಟು ಎಂಬುದನ್ನು ವಾರಕ್ಕೊಮ್ಮೆಯಾದರೂ ನೋಡತಕ್ಕದ್ದು. ಶೇಕಡಾ ೮೦ ದಾಟುವ ಮೊದಲೇ ಹೊಸ ಡಿಸ್ಕಿನ ಏರ್ಪಾಡು ಮಾಡುವುದು ಜಾಣತನ.

ಕಚೇರಿ ಬೆಳೆದಂತೆ ಉಗ್ರಾಣವನ್ನು ಹೊರಗಿನ ಪೆಟ್ಟಿಗೆಗೆ ಸಾಗಿಸಿ ಎನ್.ಎಫ್.ಎಸ್. ಅಥವಾ ಐ–ಸ್ಕಸಿ ಕ್ರಮದಿಂದ ಜೋಡಿಸಬಹುದು. ಆಗ ಉಗ್ರಾಣದ ಸಾಗಾಟಕ್ಕೆ ಬೇರೆ ತಂತಿ, ಬೇರೆ ಸ್ವಿಚ್ಚು ಇರುವುದು ಒಳ್ಳೆಯದು. ಹಲವು ಸರ್ವರುಗಳನ್ನು ಒಂದು ಕೂಟವಾಗಿ ಕಟ್ಟುವವರು ಕನಿಷ್ಠ ಮೂರು ಮತಗಳಿರುವಂತೆ ನೋಡಿಕೊಳ್ಳಬೇಕು. ಎರಡೇ ಇದ್ದು ಒಂದು ನಿಂತರೆ ಉಳಿದುದಕ್ಕೆ ಬಹುಮತವಿಲ್ಲದೆ, ಅದು ಬದುಕಿದ್ದೂ ತೀರ್ಮಾನ ಮಾಡಲಾರದು.

ನಕಲು ಬೇರೆ, ರಕ್ಷಣೆ ಬೇರೆ

ಎರಡು ಡಿಸ್ಕುಗಳಿವೆ, ಇನ್ನೇನು ಭಯವೆಂದು ನಿಶ್ಚಿಂತರಾಗುವವರುಂಟು. ಇದು ಸರಿಯಲ್ಲ. ಒಬ್ಬ ಗುಮಾಸ್ತನು ಏಕಕಾಲಕ್ಕೆ ಎರಡು ಪುಸ್ತಕಗಳಲ್ಲಿ ಬರೆಯುತ್ತಿದ್ದರೆ, ತಪ್ಪು ಬರೆದಾಗ ತಪ್ಪೂ ಎರಡರಲ್ಲಿ ಸೇರುತ್ತದೆ. ಅಳಿಸಿದರೆ ಎರಡರಲ್ಲಿಯೂ ಅಳಿಯುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶವು ಹೊಕ್ಕರಂತೂ ಎರಡು ಡಿಸ್ಕೂ ಒಟ್ಟಿಗೆ ಹಾಳು. ಸ್ನ್ಯಾಪ್‌ಶಾಟ್ ಎಂಬ ಗುರುತು ಕೂಡ ಅದೇ ಉಗ್ರಾಣದಲ್ಲಿರುವುದರಿಂದ ಉಗ್ರಾಣ ಸುಟ್ಟರೆ ಅದೂ ಸುಟ್ಟಂತೆಯೇ.

ನಿಜವಾದ ರಕ್ಷಣೆಗೆ ಬಲ್ಲವರು ಹೇಳುವ ಸೂತ್ರ ೩–೨–೧: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಅದರಲ್ಲಿ ಒಂದು ಪ್ರತಿ ಬೇರೆ ಸ್ಥಳದಲ್ಲಿ. ಪ್ರಾಕ್ಸ್‌ಮಾಕ್ಸಿನಲ್ಲಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ರಾತ್ರಿ ೨ ಗಂಟೆಗೆ ತಾನಾಗಿಯೇ ಪ್ರತಿ ತೆಗೆಯುವಂತೆ ನೇಮಿಸಬಹುದು. ದಿನದವು ೭, ವಾರದವು ೪, ತಿಂಗಳಿನವು ೬ ಉಳಿಯಲಿ ಎಂದು ಹೇಳಿದರೆ ಹಳೆಯವನ್ನು ತಾನೇ ತೆಗೆದುಹಾಕುತ್ತದೆ. ಈ ಪ್ರತಿಗಳು ಅದೇ ಸರ್ವರಿನಲ್ಲಿ ಇರಕೂಡದು. ಇದಕ್ಕೆಂದೇ ೨೦೨೦ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರನ್ನು ಬೇರೊಂದು ಯಂತ್ರದಲ್ಲಿ ಹೂಡಬಹುದು. ಅದು ಬದಲಾದ ಭಾಗವನ್ನು ಮಾತ್ರ ಹೊಸದಾಗಿ ಶೇಖರಿಸುವುದರಿಂದ ಜಾಗ ಬಹಳ ಉಳಿಯುತ್ತದೆ.

ಇನ್ನೂ ಒಂದು ಕೆಲಸ ಉಳಿಯಿತು. ಬಹುಜನರು ಬಿಡುವುದು ಇದನ್ನೇ. ತೆಗೆದಿಟ್ಟ ಪ್ರತಿಯಿಂದ ಯಂತ್ರವು ಮತ್ತೆ ಎದ್ದು ನಿಲ್ಲುವುದೇ ಎಂದು ಪರೀಕ್ಷಿಸಬೇಕು. ರುಚಿ ನೋಡದೆ ಸಾಂಬಾರನ್ನು ಪಂಕ್ತಿಗೆ ಕಳುಹಿಸುವ ಭಟ್ಟರಿಲ್ಲ. ಮೂರು ತಿಂಗಳಿಗೊಮ್ಮೆ ಪ್ರತಿಯನ್ನು ಬೇರೊಂದು ಸಂಖ್ಯೆಯ ಯಂತ್ರವಾಗಿ ಮರಳಿ ಹೂಡಿ, ಪ್ರಾರಂಭಿಸುವ ಮೊದಲು ಅದರ ಜಾಲದ ಸಂಪರ್ಕವನ್ನು ಕಡಿದು – ಇಲ್ಲವಾದರೆ ಒಂದೇ ವಿಳಾಸದ ಎರಡು ಯಂತ್ರಗಳು ಜಗಳಕ್ಕೆ ನಿಲ್ಲುತ್ತವೆ – ಲೆಕ್ಕದ ಪುಸ್ತಕ ತೆರೆದು ಕಳೆದ ದಿನದ ಬಿಲ್ಲು ಕಾಣುವುದೇ ಎಂದು ನೋಡಬೇಕು. ಕಂಡರೆ ನಿಶ್ಚಿಂತೆ. ಕಾಣದಿದ್ದರೆ, ವಿಪತ್ತು ಬರುವ ಮೊದಲೇ ತಿಳಿಯಿತಲ್ಲ ಎಂಬ ಸಮಾಧಾನ.

ನಮ್ಮ ತರುಣರಲ್ಲಿ ಒಂದು ಮಾತು. ಈ ವಿದ್ಯೆಯನ್ನು ಕಲಿಯಲು ದೊಡ್ಡ ಸರ್ವರೇ ಬೇಕೆಂದಿಲ್ಲ. ೮ ಅಥವಾ ೧೬ ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರು ಒಂದಿದ್ದರೆ ಸಾಕು. ಅದರಲ್ಲಿ ಹೂಡಿ, ಅಳಿಸಿ, ಮತ್ತೆ ಹೂಡಿ ಕೈಯನ್ನು ಪಳಗಿಸಿಕೊಳ್ಳಬಹುದು. ತಂತ್ರಾಂಶಕ್ಕೆ ಕಾಸಿಲ್ಲ, ಕೈಪಿಡಿ ಅದರೊಡನೆಯೇ ದೊರೆಯುತ್ತದೆ. ಬೇಕಾದುದು ರಾತ್ರಿಯ ಒಂದು ಗಂಟೆ ಮತ್ತು ತಾಳ್ಮೆ. ಮಾಲಿಕರಲ್ಲಿಯೂ ಒಂದು ವಿನಂತಿ: ಸರ್ವರಿಗೆ ಹಣ ಸುರಿಯುವಾಗ ಅದನ್ನು ನೋಡಿಕೊಳ್ಳುವ ಹುಡುಗನಿಗೆ ಕಲಿಯಲು ಸಮಯವನ್ನೂ, ಪ್ರತಿಗಳನ್ನಿಡಲು ಎರಡನೆಯ ಯಂತ್ರವನ್ನೂ ಕೊಡಿರಿ. ಕೆಲಸಗಾರನ ಪ್ರಾವಿಡೆಂಟ್ ಫಂಡಿನ ಒಂದೊಂದು ಪೈಸೆಯ ಲೆಕ್ಕವೂ ಆ ಪೆಟ್ಟಿಗೆಯಲ್ಲಿದೆ. ಅದನ್ನು ಕಾಯುವುದು ಅವನ ಅನ್ನವನ್ನೇ ಕಾದಂತೆ.