ಓರೆ ಬೆಳಕಿಗೆ ಬೆಳೆಯುವ ಬಾಲ

ಹಿರಿಯಡ್ಕದ ಮನೆಯಂಗಳದ ಬಿಸಿಲಿಗೆ ಭೂತಕನ್ನಡಿಯನ್ನು ನೇರವಾಗಿ ಹಿಡಿದರೆ ನೆಲದ ಮೇಲೆ ದುಂಡನೆಯ ಬೆಳಕಿನ ಚುಕ್ಕೆ ಮೂಡುವುದು. ಕನ್ನಡಿಯನ್ನು ತುಸು ಓರೆಮಾಡಿರಿ. ಚುಕ್ಕೆಗೆ ಬಾಲ ಬೆಳೆಯುವುದು. ಓರೆಯಾಗಿ ಬಂದ ಕಿರಣಗಳಿಂದ ಮಸೂರದ ನಡುಭಾಗವೂ ಅಂಚೂ ಬೇರೆ ಬೇರೆ ಗಾತ್ರದ ಬಿಂಬಗಳನ್ನು ರಚಿಸುವುದೇ ಇದಕ್ಕೆ ಮುಖ್ಯ ಕಾರಣ. ಧೂಮಕೇತುವನ್ನು ಹೋಲುವ ಈ ದೋಷಕ್ಕೆ ‘ಕೋಮಾ’ ಎಂದು ಹೆಸರು.

ದೂರದರ್ಶಕದ ದರ್ಪಣಕ್ಕೂ ಈ ಕಾಟ ತಪ್ಪಿದ್ದಲ್ಲ. 1986ರಲ್ಲಿ ತಮಿಳುನಾಡಿನ ಕಾವಲೂರಿನಲ್ಲಿ ಉದ್ಘಾಟನೆಗೊಂಡ ವೈನು ಬಾಪು ದೂರದರ್ಶಕದ 2.34 ಮೀಟರ್ ದರ್ಪಣವನ್ನು ಉಜ್ಜಿ ನಯಗೊಳಿಸಿದುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಆ ಪರವಲಯ ದರ್ಪಣವು ನಟ್ಟನಡುವಿನ ನಕ್ಷತ್ರವನ್ನು ಚುಕ್ಕೆಯಾಗಿ ತೋರಿಸಿದರೂ ಬದಿಯ ನಕ್ಷತ್ರಗಳಿಗೆ ಬಾಲವನ್ನಂಟಿಸುವುದು. ಅವುಗಳ ಸ್ಥಾನವನ್ನೂ ಕಾಂತಿಯನ್ನೂ ಅಳೆಯುವುದು ಕಷ್ಟ. ಆದುದರಿಂದ ನಾಭಿಗೆ ಮುನ್ನ ಮೂರು ಮಸೂರಗಳನ್ನಿರಿಸಿದರು. ದರ್ಪಣದ ದೋಷಕ್ಕೆ ವಿರುದ್ಧವಾದ ದೋಷ ಅವುಗಳಲ್ಲಿರುವುದು. ಎರಡೂ ಕೂಡಿದಾಗ ಬಾಲ ಅಡಗಿ, ಬದಿಯ ನಕ್ಷತ್ರವೂ ಚುಕ್ಕೆಯಾಗುವುದು.