ಕಡಲ ಕಳೆ, ಅಡುಗೆಮನೆಯ ಬೆಳೆ

ಬೇಸಗೆಯ ರಜೆಗೆ ಬಂದ ನೆಂಟರಿಷ್ಟರ ಸತ್ಕಾರಕ್ಕೆಂದು ನಮ್ಮ ಗೃಹಿಣಿಯರು ಮಾಡುವ ಒಂದು ತಂಪಾದ ಸಿಹಿಯುಂಟು. ಹಾಲು, ಸಕ್ಕರೆ, ಏಲಕ್ಕಿಗಳನ್ನು ಕಾಯಿಸಿ, ತಟ್ಟೆಗೆ ಸುರಿದು, ಹೆಪ್ಪುಗಟ್ಟಿದ ಮೇಲೆ ಬರ್ಫಿಯಂತೆ ಕತ್ತರಿಸಿ ಕೊಡುತ್ತಾರೆ. ಅದನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಅಂಗಡಿಯವರು ‘ಚೈನಾ ಗ್ರಾಸ್’ ಎಂದು ಮಾರುತ್ತಾರೆ. ಒಣಗಿದ ಹುಲ್ಲಿನ ಎಳೆಗಳಂತೆ ಹಗುರವಾಗಿ, ಬೆಳ್ಳಗೆ ಕಾಣುವ ಇದು ಹುಲ್ಲಲ್ಲ. ಚೀನಾ ದೇಶಕ್ಕೆ ಮಾತ್ರ ಮೀಸಲಾದುದೂ ಅಲ್ಲ. ಕಡಲ ಬಂಡೆಗಳ ಮೇಲೆ ಬೆಳೆಯುವ ಕೆಂಪು ಪಾಚಿಯನ್ನು ಕುದಿಸಿ ತೆಗೆದ ಸಾರವೇ ಇದು. ಶಾಸ್ತ್ರಜ್ಞರು ಇದನ್ನು ಅಗರ್ ಎನ್ನುತ್ತಾರೆ. ಕಡಲನ್ನೇ ಕಾಣದ ಬಯಲುಸೀಮೆಯ ಮನೆಯಲ್ಲಿಯೂ ಹೀಗೆ ಕಡಲಿನ ಸಸ್ಯವೊಂದು ತಟ್ಟೆಯೇರಿ ಕುಳಿತಿದೆ.

ಈ ಸಸ್ಯವರ್ಗಕ್ಕೆ ಪಠ್ಯಪುಸ್ತಕಗಳಲ್ಲಿ ‘ಕಡಲಕಳೆ’ ಎಂಬ ಹೆಸರಿದೆ. ‘ಕಳೆ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಗದ್ದೆಯಲ್ಲಿ ಬೇಡದೆ ಬೆಳೆದುದು ಕಳೆ. ಮುಖದ ಮೇಲೆ ಬೆಳಗುವ ಕಾಂತಿಯೂ ಕಳೆ. ಲೋಕದ ಕರಾವಳಿಗಳ ಜನರಲ್ಲಿ ಹಲವರು ಇದನ್ನು ಮೊದಲನೆಯ ಅರ್ಥದಲ್ಲಿಯೇ ಕಂಡು ಕಾಲಿನಿಂದ ಒತ್ತಿ ನಡೆದರು. ಕೆಲವರು ಎರಡನೆಯ ಅರ್ಥವನ್ನು ಅರಿತು ಅದನ್ನು ಅನ್ನವಾಗಿಸಿಕೊಂಡರು. ಹಾಗೆ ಅರಿತವರ ವಿದ್ಯೆ ಎಂತಹುದು, ಅದನ್ನು ಕಲಿಯುವವನು ಮೊದಲು ಕಲಿಯಬೇಕಾದುದೇನು ಎಂಬುದನ್ನು ಇಲ್ಲಿ ನೋಡೋಣ.

ಅಡುಗೆಮನೆಯಿಂದ ಪ್ರಯೋಗಶಾಲೆಗೆ

ಅಗರ್ ಕರಗಲು ಸುಮಾರು 85 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಒಮ್ಮೆ ಹೆಪ್ಪುಗಟ್ಟಿತೆಂದರೆ ನಮ್ಮ ಕಡುಬೇಸಗೆಯಲ್ಲಿಯೂ ಅದು ಅಲುಗದು. ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆಯುವ ಜೆಲಟಿನ್‌ಗೆ ಈ ಗುಣವಿಲ್ಲ. ಬಿಸಿಲೇರಿದರೆ ಅದು ನೀರಾಗುತ್ತದೆ. 1881ರಲ್ಲಿ ರಾಬರ್ಟ್ ಕಾಖ್ ಅವರ ಬರ್ಲಿನ್ ಪ್ರಯೋಗಶಾಲೆಯಲ್ಲಿ ಈ ತೊಡಕೇ ಎದುರಾಗಿತ್ತು. ಸೂಕ್ಷ್ಮಜೀವಿಗಳನ್ನು ಬೆಳೆಸಲು ಹರಡಿದ ಜೆಲಟಿನ್ ಬೇಸಗೆಯಲ್ಲಿ ಕರಗಿಹೋಗುತ್ತಿತ್ತು. ಅಲ್ಲಿ ದುಡಿಯುತ್ತಿದ್ದ ವಾಲ್ತರ್ ಹೆಸ್ಸೆ, ‘ನೀನು ಮಾಡುವ ಸಿಹಿ ಏಕೆ ಕರಗುವುದಿಲ್ಲ?’ ಎಂದು ಮಡದಿ ಫ್ಯಾನಿಯನ್ನು ಕೇಳಿದರಂತೆ. ಜಾವಾದಲ್ಲಿ ಬಾಳಿ ಬಂದಿದ್ದ ಡಚ್ಚರ ನೆರೆಯವರಿಂದ ಆಕೆ ಅಗರ್‌ನ ಬಳಕೆಯನ್ನು ಕಲಿತಿದ್ದರು. ಆಕೆಯ ಸೂಚನೆಯಂತೆ ಪ್ರಯೋಗಶಾಲೆಯನ್ನು ಸೇರಿದ ಅಗರ್ ಇಂದಿಗೂ ಅಲ್ಲಿಯೇ ಇದೆ. ಪಾಚಿಯ ಸಾರವನ್ನು ವಿಜ್ಞಾನಕ್ಕೆ ಕೊಟ್ಟದ್ದು ಗೃಹಿಣಿಯೊಬ್ಬಳ ಅಡುಗೆಮನೆ ಎಂಬುದು ನೆನೆಯತಕ್ಕ ಮಾತು.

ಬೇರಿಲ್ಲದ ಸಸ್ಯ

ಕಡಲಪಾಚಿಯಲ್ಲಿ ಹಸುರು, ಕಂದು, ಕೆಂಪು ಎಂದು ಮೂರು ದೊಡ್ಡ ಕುಲಗಳಿವೆ. ನೆಲದ ಗಿಡಗಳಂತೆ ಇವುಗಳಿಗೆ ಬೇರಿಲ್ಲ. ಬಂಡೆಯನ್ನು ಬಿಗಿಯಾಗಿ ಕಚ್ಚಿಕೊಳ್ಳುವ ಒಂದು ಬುಡವಿರುತ್ತದೆ. ಅದರ ಕೆಲಸ ಹಿಡಿದು ನಿಲ್ಲುವುದಷ್ಟೆ. ಆಹಾರವನ್ನು ಈ ಸಸ್ಯ ತನ್ನ ಮೈಯೆಲ್ಲದರಿಂದ ಕಡಲ ನೀರಿನಿಂದಲೇ ಹೀರಿಕೊಳ್ಳುತ್ತದೆ. ಈ ಎರಡು ಸಂಗತಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಪಾಚಿ ಆಯುವ ವಿದ್ಯೆಯೆಲ್ಲ ಇವುಗಳ ಮೇಲೆಯೇ ನಿಂತಿದೆ.

ಬಡವರ ಅನ್ನ

ಈ ವಿದ್ಯೆ ಮನೆಮನೆಯ ಮಾತಾಗಿದ್ದ ನಾಡುಗಳಲ್ಲಿ ಐರ್ಲೆಂಡ್ ಒಂದು. ಅಲ್ಲಿನ ಪಡುವಣ ತೀರದ ರೈತರು ಪಾಚಿಯನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು; ಆಯ್ದ ಕೆಲವನ್ನು ತಾವೂ ತಿನ್ನುತ್ತಿದ್ದರು. 1845ರಿಂದ ಆಲೂಗಡ್ಡೆಯ ಬೆಳೆ ರೋಗಕ್ಕೆ ಸಿಕ್ಕಿ ನಾಡೆಲ್ಲ ಹಸಿವಿನಿಂದ ತತ್ತರಿಸಿದಾಗ, ತೀರದ ಜನ ಬಂಡೆಗಳ ಮೇಲಿನ ಚಿಪ್ಪು ಮತ್ತು ಪಾಚಿಗಳನ್ನೇ ನಂಬಿ ಜೀವ ಹಿಡಿದರು. ಬರಗಾಲದಲ್ಲಿ ಕೈಹಿಡಿದ ಅನ್ನವನ್ನು ಸುಕಾಲ ಬಂದಾಗ ಮರೆಯುವುದು ಲೋಕರೂಢಿ. ಪಾಚಿಗೂ ಬಡತನದ ಕಳಂಕ ಅಂಟಿಕೊಂಡಿತು. ಈಚಿನ ದಶಕಗಳಲ್ಲಿ ಆ ಕಳಂಕ ತೊಳೆದುಹೋಗಿ, ನಗರಗಳ ಜನ ಹಿರಿಯರ ಹಿಂದೆ ತೀರಕ್ಕೆ ಹೋಗಿ ಆ ವಿದ್ಯೆಯನ್ನು ಹೊಸದಾಗಿ ಕಲಿಯುತ್ತಿದ್ದಾರೆ.

ಅಲ್ಲಿನ ಕ್ಯಾರಗೀನ್ ಎಂಬ ಕೆಂಪು ಪಾಚಿಯ ಹೆಸರಿಗೆ ಐರಿಷ್ ನುಡಿಯಲ್ಲಿ ಪುಟ್ಟ ಬಂಡೆ ಎಂದು ಅರ್ಥ. ಬೆರಳುದ್ದದ, ಕವಲೊಡೆದ ಈ ಪಾಚಿಯನ್ನು ಬಿಸಿಲು ಮಳೆಗಳಿಗೆ ಒಡ್ಡಿ ಒಣಗಿಸಿದರೆ ಅದು ಕೆನೆಬಣ್ಣಕ್ಕೆ ತಿರುಗುತ್ತದೆ. ಒಂದು ಸಣ್ಣ ಹಿಡಿಯಷ್ಟನ್ನು ಹತ್ತು ನಿಮಿಷ ನೆನೆಸಿ, ಒಂದು ಲೀಟರಿಗೆ ತುಸು ಕಡಮೆ ಹಾಲಿನಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕಾಯಿಸಿ ಸೋಸಬೇಕು. ಸಕ್ಕರೆ ಬೆರೆಸಿ ಆರಲು ಬಿಟ್ಟರೆ ಹಾಲು ತಾನೇ ಹೆಪ್ಪುಗಟ್ಟುತ್ತದೆ. ನಮ್ಮ ಚೈನಾ ಗ್ರಾಸ್ ಸಿಹಿಗೂ ಇದಕ್ಕೂ ಇರುವ ನೆಂಟಸ್ತನ ಸ್ಪಷ್ಟವಾಗಿದೆ. ಡಲ್ಸ್ ಎಂಬ ಇನ್ನೊಂದು ಕೆಂಪು ಪಾಚಿಯನ್ನು ಒಣಗಿಸಿ ಹಾಗೆಯೇ ಅಗಿಯುತ್ತಾರೆ. ಉತ್ತರ ಐರ್ಲೆಂಡಿನ ಬ್ಯಾಲಿಕ್ಯಾಸಲ್ ಜಾತ್ರೆಯಲ್ಲಿ, ನಮ್ಮ ಜಾತ್ರೆಗಳಲ್ಲಿ ಕಡಲೆಪುರಿ ಮಾರುವಂತೆ, ಇದನ್ನು ಮಾರುತ್ತಾರೆ.

ನೆರೆಯ ವೇಲ್ಸ್ ಸೀಮೆಯವರ ಮೆಚ್ಚಿನದು ಲೇವರ್. ನೇರಿಳೆಗಪ್ಪು ಬಣ್ಣದ ಇದರ ಎಲೆ ಬಲು ತೆಳು. ಇಳಿತದ ಹೊತ್ತಿನಲ್ಲಿ ಬಂಡೆಗೆ ಒದ್ದೆ ಬಟ್ಟೆಯ ಚಿಂದಿಯಂತೆ ಅಂಟಿಕೊಂಡಿರುತ್ತದೆ. ಮರಳು ಹೋಗುವವರೆಗೆ ಹಲವು ನೀರಿನಲ್ಲಿ ತೊಳೆದು, ಗಂಟೆಗಟ್ಟಲೆ ಬೇಯಿಸಿದರೆ ಕಪ್ಪನೆಯ ಗೊಜ್ಜಿನಂತಾಗುತ್ತದೆ. ಅದಕ್ಕೆ ಓಟ್ಸ್ ಹಿಟ್ಟು ಸೇರಿಸಿ, ವಡೆಯಂತೆ ತಟ್ಟಿ ಹುರಿದು ಬೆಳಗಿನ ಉಪಾಹಾರಕ್ಕೆ ತಿನ್ನುವರು. ಸ್ವಾನ್ಸಿ ಪೇಟೆಯಲ್ಲಿ ಇಂದಿಗೂ ಇದರ ಮಾರಾಟವುಂಟು.

ಆಯುವ ವಿದ್ಯೆ

ಪಾಚಿ ಆಯುವವನ ಮೊದಲ ಗುರು ಚಂದ್ರ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತಗಳು ಕೂಡಿಕೊಳ್ಳುವುದರಿಂದ ಕಡಲು ಉಳಿದ ದಿನಗಳಿಗಿಂತ ಬಹಳ ದೂರ ಹಿಂದೆ ಸರಿಯುತ್ತದೆ. ಆಗಲೇ ಒಳ್ಳೆಯ ಪಾಚಿಗಳಿರುವ ತಳದ ಬಂಡೆಗಳು ತೆರೆದುಕೊಳ್ಳುವುದು. ನೀರು ತೀರ ಇಳಿಯುವ ಹೊತ್ತಿಗೆ ಒಂದೆರಡು ಗಂಟೆ ಮೊದಲೇ ಹೊರಟು, ಇಳಿಯುವ ನೀರಿನ ಹಿಂದೆಯೇ ನಡೆಯಬೇಕು; ನೀರು ತಿರುಗಿತೆಂದರೆ ಮನುಷ್ಯನೂ ತಿರುಗಬೇಕು. ಜಾರುವ ಬಂಡೆಗಳ ಮೇಲೆ ಒಬ್ಬನೇ ಹೋಗಬಾರದು. ಭರತದ ವೇಳೆಯನ್ನು ತಿಳಿಯದೆ ಹೋಗಲೇಬಾರದು.

ಎರಡನೆಯ ಪಾಠ ಕತ್ತರಿಯದು. ದಡಕ್ಕೆ ಬಂದು ಬಿದ್ದ ಪಾಚಿ ಕೊಳೆಯುತ್ತಿರುತ್ತದೆ; ಅದು ಗೊಬ್ಬರಕ್ಕೆ ಯೋಗ್ಯ, ಊಟಕ್ಕಲ್ಲ. ಬಂಡೆಯ ಮೇಲೆ ಜೀವಂತವಾಗಿ ನಿಂತಿರುವುದನ್ನೇ ಕೊಯ್ಯಬೇಕು. ಆದರೆ ಕಿತ್ತರೆ ಬುಡವೂ ಬರುತ್ತದೆ, ಬುಡ ಹೋದರೆ ಆ ಗಿಡ ಮುಗಿಯಿತು. ಆದುದರಿಂದ ತುದಿಯ ಭಾಗವನ್ನಷ್ಟೆ ಕತ್ತರಿಸಿ, ಕೆಳಗಿನ ಮೂರನೆಯ ಒಂದು ಪಾಲನ್ನಾದರೂ ಉಳಿಸಬೇಕು. ಕೆಲ್ಪ್ ಎಂಬ ದೊಡ್ಡ ಕಂದು ಪಾಚಿಯ ಬೆಳವಣಿಗೆ ನಡೆಯುವುದು ಕಾಂಡವೂ ಎಲೆಯೂ ಸೇರುವ ಸ್ಥಳದಲ್ಲಿ. ಅದರ ಕೆಳಗೆ ಕತ್ತರಿ ಆಡಿತೆಂದರೆ ಮತ್ತೆ ಚಿಗುರದು. ಒಂದೇ ಬಂಡೆಯನ್ನು ಬೋಳಿಸದೆ, ಇಲ್ಲಿಷ್ಟು ಅಲ್ಲಿಷ್ಟು ಕೊಯ್ಯುವುದು ಬಲ್ಲವರ ಕ್ರಮ.

ಮೂರನೆಯದು ಎಚ್ಚರಿಕೆಯ ಪಾಠ. ಮೈಯೆಲ್ಲದರಿಂದ ನೀರನ್ನು ಹೀರುವ ಸಸ್ಯ, ನೀರಿನ ಕೊಳೆಯನ್ನೂ ಹೀರದೆ ಬಿಡುವುದಿಲ್ಲ. ಚರಂಡಿ, ಬಂದರು, ಕಾರ್ಖಾನೆಗಳ ಬಳಿಯ ಪಾಚಿ ಎಷ್ಟು ಸೊಗಸಾಗಿ ಕಂಡರೂ ವರ್ಜ್ಯ. ಕೆಲ್ಪಿನಲ್ಲಿ ಅಯೋಡಿನ್ ಹೇರಳವಾಗಿರುವುದರಿಂದ ದಿನವೂ ತಿನ್ನುವುದು ಒಳ್ಳೆಯದಲ್ಲ. ಥೈರಾಯ್ಡ್ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹಿಜಿಕಿ ಎಂಬ ಜಪಾನಿ ಪಾಚಿಯಲ್ಲಿ ಆರ್ಸೆನಿಕ್ ಹೆಚ್ಚಾಗಿರುವುದೆಂದು ಅದನ್ನು ತಿನ್ನದಿರುವಂತೆ ಬ್ರಿಟನ್ನಿನ ಆಹಾರ ಇಲಾಖೆ 2004ರಲ್ಲಿಯೇ ಸಲಹೆ ಕೊಟ್ಟಿತು. ಡೆಸ್ಮರೆಸ್ಟಿಯ ಎಂಬ ಕಂದು ಪಾಚಿಯ ಕೆಲವು ಜಾತಿಗಳ ಮೈಯಲ್ಲಿ ಗಂಧಕಾಮ್ಲವೇ ಇದೆ; ಒಂದು ಎಳೆ ಬುಟ್ಟಿಗೆ ಬಿದ್ದರೂ ಉಳಿದುದೆಲ್ಲ ಕೆಡುತ್ತದೆ. ಬಲ್ಲವರ ಜೊತೆ ಹಲವು ಸಲ ಹೋಗಿ ಕಣ್ಣು ಪಳಗಿಸಿಕೊಂಡ ಮೇಲೆಯೇ ಕೈ ಹಾಕಬೇಕೆಂಬುದು ಇದಕ್ಕಾಗಿ.

ಚಿಪ್ಪಿನೊಳಗಿನ ರಹಸ್ಯ

ವೇಲ್ಸಿನ ಲೇವರ್‌ಗೆ ಜಪಾನಿನಲ್ಲೊಬ್ಬ ಒಡಹುಟ್ಟಿದವನಿದ್ದಾನೆ. ಅಲ್ಲಿ ಅನ್ನವನ್ನು ಸುತ್ತಿ ಕೊಡುವ ಕಾಗದದಂತಹ ಕಪ್ಪು ಹಾಳೆ, ನೋರಿ, ಅದೇ ಕುಲದ ಪಾಚಿ. ಕಡಲಿನಲ್ಲಿ ಜಪಾನೀಯರು ಶತಮಾನಗಳಿಂದ ಇದನ್ನು ಬೆಳೆದರೂ, ಅದರ ಬೀಜ ಎಲ್ಲಿಂದ ಬರುವುದೆಂಬುದು ಯಾರಿಗೂ ತಿಳಿದಿರಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಬೆಳೆ ಕುಸಿದು, ತೀರದ ಸಂಸಾರಗಳು ಕಂಗೆಟ್ಟವು. ದಿಕ್ಕು ತೋರಿಸಿದವರು ಅವರನ್ನು ಎಂದೂ ಕಾಣದ ಆಂಗ್ಲ ಮಹಿಳೆ ಕ್ಯಾಥ್ಲೀನ್ ಡ್ರೂ ಬೇಕರ್. 1928ರಲ್ಲಿ ಮದುವೆಯಾದರೆಂಬ ಕಾರಣಕ್ಕೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆಯನ್ನು ಕಳೆದುಕೊಂಡ ಈಕೆ ಸಂಶೋಧನೆಯನ್ನು ಮಾತ್ರ ಬಿಡಲಿಲ್ಲ. ಕಪ್ಪೆಚಿಪ್ಪುಗಳೊಳಗೆ ಬೆಳೆಯುವ ಗುಲಾಬಿ ಬಣ್ಣದ ಎಳೆಗಳನ್ನು ಶಾಸ್ತ್ರಜ್ಞರು ಬೇರೆಯೇ ಜೀವಿಯೆಂದು ಭಾವಿಸಿದ್ದರು. ಅದು ಲೇವರ್‌ನದೇ ಇನ್ನೊಂದು ಅವಸ್ಥೆಯೆಂದು ಆಕೆ 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದನ್ನು ಓದಿದ ಜಪಾನಿನ ವಿಜ್ಞಾನಿಗಳು ತಮ್ಮ ನೋರಿಯಲ್ಲಿಯೂ ಅದೇ ಕ್ರಮವನ್ನು ಕಂಡರು. ಚಿಪ್ಪುಗಳಲ್ಲಿ ಬೀಜ ಬೆಳೆಸಿ ಬಲೆಗೆ ಹತ್ತಿಸುವ ಬೇಸಾಯ ಹುಟ್ಟಿತು. ಡ್ರೂ ಬೇಕರ್ 1957ರಲ್ಲಿ, ಜಪಾನನ್ನು ನೋಡದೆಯೇ, ತೀರಿಕೊಂಡರು. ನೋರಿ ಬೆಳೆಗಾರರು 1963ರಲ್ಲಿ ಕುಮಾಮೊಟೊ ಪ್ರಾಂತದ ಉಟೊ ಊರಿನಲ್ಲಿ ಆಕೆಗೆ ಸ್ಮಾರಕವನ್ನೆತ್ತಿದರು. ಪ್ರತಿ ವರ್ಷ ಏಪ್ರಿಲ್ 14ರಂದು ಅಲ್ಲಿ ಆಕೆಯನ್ನು ನೆನೆಯುತ್ತಾರೆ.

ನಮ್ಮ ನೆರೆಯಲ್ಲಿ

ದೂರದ ಕಥೆಗಳು ಸಾಕು. ನಮ್ಮ ದೇಶದಲ್ಲಿ ಪಾಚಿ ಆಯುವವರು ತಮಿಳುನಾಡಿನ ಮನ್ನಾರ್ ಕೊಲ್ಲಿಯ ತೀರದಲ್ಲಿದ್ದಾರೆ. ರಾಮನಾಥಪುರ ಜಿಲ್ಲೆಯ ಮೀನುಗಾರ ಕುಟುಂಬಗಳ ಹೆಂಗಸರು ಸೀರೆಯ ಮೇಲೊಂದು ಅಂಗಿ ತೊಟ್ಟು, ಬೆರಳುಗಳಿಗೆ ಬಟ್ಟೆಯ ಪಟ್ಟಿ ಸುತ್ತಿ, ಕಣ್ಣಿಗೆ ಕನ್ನಡಕ ಬಿಗಿದು, ಉಸಿರು ಹಿಡಿದು ಮುಳುಗುತ್ತಾರೆ. ಹವಳದ ಬಂಡೆಗಳ ಏಣು ಕೈಕಾಲುಗಳನ್ನು ಕೊಯ್ಯುತ್ತದೆ. ಅವರು ತರುವ ಪಾಚಿಗಳಲ್ಲೊಂದರ ಹೆಸರು ‘ಮರಿಕ್ಕೊಳುಂದು ಪಾಸಿ’; ಮರಿಕ್ಕೊಳುಂದು ಎಂದರೆ ನಮ್ಮ ದವನ. ಇನ್ನೊಂದು ‘ಕಂಜಿ ಪಾಸಿ’. ಹಿಂದೆ ಅದನ್ನು ಬೇಯಿಸಿ ಗಂಜಿ ಮಾಡುತ್ತಿದ್ದರೆಂದು ಹೆಸರೇ ಹೇಳುತ್ತದೆ. ಈಗ ಇವೆರಡೂ ಅಗರ್ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತವೆ.

1986ರಲ್ಲಿ ಅಲ್ಲಿನ 21 ದ್ವೀಪಗಳನ್ನೊಳಗೊಂಡ ಕಡಲು ರಾಷ್ಟ್ರೀಯ ಉದ್ಯಾನವಾಯಿತು. ಹವಳದ ದಿಬ್ಬಗಳನ್ನು ಕಾಯುವುದು ಅಗತ್ಯವೇ. ಆದರೆ ತಲೆಮಾರುಗಳಿಂದ ದ್ವೀಪಗಳ ಸುತ್ತ ಪಾಚಿ ಆಯುತ್ತಿದ್ದ ಹೆಂಗಸರಿಗೆ ಆ ನೀರು ನಿಷಿದ್ಧವಾಯಿತು. ಬದಲಿಗೆಂದು ಬಿದಿರಿನ ತೆಪ್ಪಗಳ ಮೇಲೆ ಕಪ್ಪಾಫೈಕಸ್ ಎಂಬ ಹೊರನಾಡಿನ ಪಾಚಿಯ ಬೇಸಾಯ ಬಂದಿತು. ಅದು ತೆಪ್ಪದಿಂದ ಜಾರಿ ಕುರುಸಡೈ ದ್ವೀಪದ ಹವಳಗಳ ಮೇಲೆಯೇ ಹಬ್ಬಿರುವುದು 2008ರಲ್ಲಿ ವರದಿಯಾಯಿತು. ಇತ್ತ ಹೆಂಗಸರು ತಾವೇ ಕಲೆತು ಕಟ್ಟುಪಾಡು ಮಾಡಿಕೊಂಡಿದ್ದಾರೆ: ತಿಂಗಳಲ್ಲಿ ಸುಮಾರು 12 ದಿನ ಮಾತ್ರ ಆಯುವುದು; ಲೋಹದ ಉಪಕರಣಗಳನ್ನು ಬಿಟ್ಟು ಬರಿಗೈಯಿಂದ ಕೀಳುವುದು; ಬುಡವನ್ನು ಉಳಿಸುವುದು. ಐರ್ಲೆಂಡಿನ ಹಿರಿಯರು ಹೇಳುವ ಪಾಠವನ್ನೇ ಇವರೂ ಹೇಳುತ್ತಾರೆ. ಇಬ್ಬರಿಗೂ ಕಲಿಸಿದ್ದು ಕಡಲು.

ಕಾರವಾರ, ಮಲ್ಪೆಗಳ ಬಂಡೆಗಳ ಮೇಲೆಯೂ ಹಸುರು, ಕಂದು ಪಾಚಿಗಳು ಬೆಳೆಯುತ್ತವೆ. ನಮ್ಮ ಕರಾವಳಿಯ ಅಡುಗೆಯಲ್ಲಿ ಅವುಗಳಿಗೆ ಸ್ಥಾನ ದೊರೆತಿಲ್ಲ. ಮುಂದೆ ದೊರೆತರೂ ದೊರೆಯಬಹುದು. ಅಂದು ಬುಟ್ಟಿ ಹಿಡಿದು ಹೊರಡುವವರು ಎಷ್ಟು ತರಬೇಕೆಂಬುದಕ್ಕಿಂತ ಎಷ್ಟು ಬಿಡಬೇಕೆಂಬುದನ್ನು ಮೊದಲು ಕಲಿತಿರಲಿ. ಬುಡವನ್ನು ಉಳಿಸಿದವನಿಗೆ ಅದು ಬೆಳೆ, ಬಂಡೆಗೆ ಅದೇ ಕಳೆ. ಬುಡವನ್ನೂ ಕಿತ್ತವನಿಗೆ ಉಳಿಯುವುದು ಬೋಳು ಬಂಡೆ ಮಾತ್ರ.