ಬತ್ತೇರಿಯ ಬೀದಿಗಳಲ್ಲಿ ಪರವಾನಗಿಯ ನ್ಯಾಯ

ಗುಂಡ್ಲುಪೇಟೆಯಿಂದ ಹೊರಟು, ಬಂಡೀಪುರ ಮತ್ತು ಮುತ್ತಂಗದ ಕಾಡುಗಳನ್ನು ದಾಟಿ ಕೇರಳವನ್ನು ಪ್ರವೇಶಿಸುವ ಕನ್ನಡಿಗರಿಗೆ ಎದುರಾಗುವ ಮೊದಲ ದೊಡ್ಡ ಊರು ಸುಲ್ತಾನ್ ಬತ್ತೇರಿ. ಹಿಂದೆ ಗಣಪತಿವಟ್ಟಂ ಎನಿಸಿಕೊಂಡಿದ್ದ ಈ ಊರು 2015ರವರೆಗೂ ಗ್ರಾಮ ಪಂಚಾಯಿತಿಯ ಆಡಳಿತದಲ್ಲಿದ್ದು, ಆ ವರ್ಷ ಮಾನಂತವಾಡಿಯೊಡನೆ ನಗರಸಭೆಯ ದರ್ಜೆ ಪಡೆಯಿತು. ಕಸವಿಲ್ಲದ ಬೀದಿಗಳಿಗೂ ಪೇಟೆಯ ಉದ್ದಕ್ಕೂ ಇರಿಸಿರುವ ಹೂಕುಂಡಗಳಿಗೂ ಬತ್ತೇರಿ ಕೇರಳದಲ್ಲಿ ಹೆಸರಾಗಿದೆ. ರಸ್ತೆಯಲ್ಲಿ ಉಗುಳುವುದನ್ನು ನಿಷೇಧಿಸಿ ದಂಡ ವಿಧಿಸುವ ಕ್ರಮವನ್ನೂ ಇಲ್ಲಿನ ನಗರಸಭೆ ಕೈಗೊಂಡಿತು. ಆದರೆ ದಂಡವೊಂದರಿಂದಲೇ ಊರು ಶುಚಿಯಾಗುವುದಿಲ್ಲ. ಪರಿಶೀಲನೆಗೆ ಬಂದ ಅಧಿಕಾರಿಯ ಮಾತಿಗೂ ಅಂಗಡಿಗೆ ಬೀಳುವ ಬೀಗಕ್ಕೂ ನಡುವೆ ಕಾನೂನು ಎಷ್ಟು ಮೆಟ್ಟಿಲುಗಳನ್ನು ಇರಿಸಿದೆ, ಆ ಮೆಟ್ಟಿಲುಗಳನ್ನು ಯಾರಿಗೂ ತಪ್ಪಿಸದೆ ಹತ್ತಿಸಲಾಗುತ್ತದೆಯೇ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಬತ್ತೇರಿ ಇರುವ ವಯನಾಡು 1956ರವರೆಗೆ ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತಾದ್ದರಿಂದ, ಇಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಆಧಾರವಾಗಿದ್ದುದು 1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯಿದೆ. ಕೇರಳದ ದಕ್ಷಿಣ ಭಾಗದಲ್ಲಿ 1955ರ ತಿರುವಾಂಕೂರು-ಕೊಚ್ಚಿ ಕಾಯಿದೆ ನಡೆಯುತ್ತಿತ್ತು. ಒಂದೇ ರಾಜ್ಯದೊಳಗೆ ಎರಡು ಕಾನೂನುಗಳಿದ್ದ ಈ ವಿಚಿತ್ರ ಸ್ಥಿತಿ ಕೊನೆಗೊಳ್ಳಲು 2023ರ ಕೇರಳ ಸಾರ್ವಜನಿಕ ಆರೋಗ್ಯ ಕಾಯಿದೆಯವರೆಗೂ ಕಾಯಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬತ್ತೇರಿ ಮತ್ತು ಮಾನಂತವಾಡಿಯ ಬಾವಲಿಗಳಲ್ಲಿ ನಿಪಾ ವೈರಾಣುವಿನ ಪ್ರತಿಕಾಯಗಳು ಕಂಡುಬಂದುದನ್ನೂ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ವಯನಾಡಿನ ಕಾಡಂಚಿಗೂ ತಲಪಿದುದನ್ನೂ ನೆನೆದರೆ, ಇಲ್ಲಿ ಆರೋಗ್ಯದ ನಿಯಮಗಳು ಕಾಗದದ ಕಟ್ಟಳೆಗಳಷ್ಟೇ ಅಲ್ಲವೆಂಬುದು ಮನದಟ್ಟಾಗುತ್ತದೆ.

ನಗರಸಭೆಯ ಕೈಯಲ್ಲಿರುವ ಮುಖ್ಯ ಅಧಿಕಾರ ವ್ಯಾಪಾರ ಪರವಾನಗಿಯದು. ಇದಕ್ಕೆ 1994ರ ಕೇರಳ ಮುನಿಸಿಪಾಲಿಟಿ ಕಾಯಿದೆಯೇ ಆಧಾರ. ಅಂಗಡಿಯವರ ಬಾಯಲ್ಲಿ ಬಹುಕಾಲ 'ಡಿ ಆಂಡ್ ಓ ಲೈಸೆನ್ಸ್' ಎಂದೇ ರೂಢಿಯಲ್ಲಿದ್ದ ಇದು, ಜನರಿಗೆ ಅಪಾಯವನ್ನೋ ಕಿರುಕುಳವನ್ನೋ ತರಬಹುದಾದ ಉದ್ಯಮಗಳನ್ನು ಷರತ್ತುಗಳಿಗೆ ಒಳಪಡಿಸಿ ನಡೆಸಲು ಕೊಡುವ ಅನುಮತಿ. ಪರವಾನಗಿಯನ್ನು ನೀಡುವವನು ಚುನಾಯಿತ ಅಧ್ಯಕ್ಷನಲ್ಲ, ಸರ್ಕಾರಿ ನೌಕರನಾದ ಕಾರ್ಯದರ್ಶಿ. ಅರ್ಜಿ ಸಲ್ಲಿಸಿದ 30 ದಿನಗಳೊಳಗೆ ತೀರ್ಮಾನವನ್ನು ತಿಳಿಸದಿದ್ದರೆ, ನಿಯಮಗಳಿಗೆ ಒಳಪಟ್ಟು ಅನುಮತಿ ದೊರೆತಂತೆಯೇ ಎಂದು ಕಾನೂನು ಭಾವಿಸುತ್ತದೆ. ಕಡತವನ್ನು ಮೇಜಿನ ಮೇಲೆಯೇ ಮಲಗಿಸಿ ಅರ್ಜಿದಾರನನ್ನು ಅಲೆದಾಡಿಸುವ ಹಳೆಯ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದು ಕಾಣದು. ಕಾರ್ಯದರ್ಶಿಯ ಆದೇಶ ಒಪ್ಪಿಗೆಯಾಗದವರು ನಗರಸಭೆಯ ಮುಂದೆ ಮೇಲ್ಮನವಿ ಸಲ್ಲಿಸಬಹುದು, ಅಲ್ಲಿಂದ ಸ್ಥಳೀಯ ಸಂಸ್ಥೆಗಳಿಗೆಂದೇ ಇರುವ ನ್ಯಾಯಮಂಡಳಿಯ ಮೊರೆಹೋಗಬಹುದು. ಆದರೆ ತಟ್ಟುಕಡ ಎಂದು ಕರೆಯಲ್ಪಡುವ ಬೀದಿಬದಿಯ ತಿಂಡಿ ಅಂಗಡಿಯವನಿಗೆ, ತಿರುವನಂತಪುರದಲ್ಲಿ ಕೇಂದ್ರಸ್ಥಾನವಿರುವ ನ್ಯಾಯಮಂಡಳಿಯವರೆಗೆ ವ್ಯಾಜ್ಯವನ್ನು ಒಯ್ಯುವುದು ಸುಲಭದ ಮಾತಲ್ಲವಾದ್ದರಿಂದ, ಮೊದಲ ನೋಟಿಸಿನಲ್ಲಿಯೇ ಕಾರಣವನ್ನು ಬಿಡಿಸಿ ಬರೆಯುವುದು, ಉತ್ತರಕ್ಕೆ ಸಾಕಷ್ಟು ಕಾಲ ಕೊಡುವುದು ಬಹಳ ಮುಖ್ಯವಾಗುತ್ತದೆ.

ಆಹಾರದ ಗುಣಮಟ್ಟ ಮಾತ್ರ ಇನ್ನೊಂದು ಇಲಾಖೆಗೆ ಸೇರಿದ್ದು, ಈ ವಿಭಜನೆಯ ಅರಿವಿಲ್ಲದೆ ಎಷ್ಟೋ ದೂರುಗಳು ತಪ್ಪು ಬಾಗಿಲನ್ನು ತಟ್ಟುತ್ತವೆ. ಅಡುಗೆಮನೆಯ ಚರಂಡಿಯನ್ನೂ ಕಟ್ಟಡದ ಶುಚಿತ್ವವನ್ನೂ ನಗರಸಭೆಯ ಆರೋಗ್ಯ ನಿರೀಕ್ಷಕ ನೋಡಿದರೆ, ಬಡಿಸಿದ ಪದಾರ್ಥದ ಮಾದರಿಯನ್ನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಆಹಾರ ಸುರಕ್ಷತಾಧಿಕಾರಿ ಸಂಗ್ರಹಿಸುತ್ತಾನೆ. ಸಂಗ್ರಹಿಸಿದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಮಾಡಬೇಕು: ಒಂದು ಭಾಗ ಸರ್ಕಾರಿ ವಿಶ್ಲೇಷಕನಿಗೆ, ಎರಡು ಭಾಗ ನಿಯೋಜಿತ ಮೇಲಧಿಕಾರಿಯ ವಶಕ್ಕೆ, ಉಳಿದ ಒಂದು ಭಾಗ ವ್ಯಾಪಾರಿ ಬಯಸಿದರೆ ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ. ಎರಡು ವರದಿಗಳು ತಾಳೆಯಾಗದಿದ್ದರೆ ಮೇಲಧಿಕಾರಿಯ ಬಳಿ ಇರುವ ಭಾಗವು ಉನ್ನತ ಪ್ರಯೋಗಾಲಯಕ್ಕೆ ಹೋಗುತ್ತದೆ. ಆರೋಪ ಹೊರಿಸುವವನ ಪರೀಕ್ಷೆಯೊಂದನ್ನೇ ಅಂತಿಮವೆಂದು ಒಪ್ಪದ ಈ ಏರ್ಪಾಡು ಇಡೀ ಕಾಯಿದೆಯಲ್ಲಿ ಬಹುಶಃ ಅತ್ಯಂತ ವಿವೇಕದ ಭಾಗವಾಗಿದ್ದರೂ, ತನಗಿರುವ ಆ ನಾಲ್ಕನೆಯ ಭಾಗದ ಹಕ್ಕನ್ನು ಬಲ್ಲ ಹೋಟೆಲಿನವರು ವಿರಳ. ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲದ ಕೊರತೆಗಳಿಗೆ ಮೊದಲು ಸುಧಾರಣಾ ನೋಟಿಸ್ ಕೊಟ್ಟು ಕನಿಷ್ಠ 14 ದಿನಗಳ ಕಾಲಾವಕಾಶ ನೀಡಬೇಕು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟ ನಂತರ ರಾಜ್ಯದಾದ್ಯಂತ ತಪಾಸಣೆ ಬಿಗಿಯಾಯಿತು. 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸ್ ನಿಷೇಧವಾಯಿತು. ಜನರ ಆಕ್ರೋಶ ಏರಿದ ಇಂಥ ವಾರಗಳಲ್ಲಿಯೇ ಕ್ರಮಬದ್ಧತೆಯ ನಿಜವಾದ ಪರೀಕ್ಷೆ ನಡೆಯುತ್ತದೆ.

ತಳ್ಳುಗಾಡಿಯವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಪ್ರತ್ಯೇಕ ರಕ್ಷಣೆ ನೀಡುತ್ತದೆ. ಸ್ಥಳಾಂತರಿಸುವ ಮುನ್ನ 30 ದಿನಗಳ ನೋಟಿಸ್ ಕೊಡಬೇಕು. ವಶಪಡಿಸಿಕೊಂಡ ಸರಕಿನ ಪಟ್ಟಿಗೆ ಸಹಿ ಮಾಡಿ ವ್ಯಾಪಾರಿಯ ಕೈಗಿಡಬೇಕು. ಅವನು ಬಂದು ಕೇಳಿದರೆ ಕೆಡುವ ಸರಕನ್ನು ಅಂದೇ, ಉಳಿದುದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಗುಂಡ್ಲುಪೇಟೆಯ ಟೊಮೆಟೊ ಒಂದು ರಾತ್ರಿ ಗೋದಾಮಿನಲ್ಲಿ ಉಳಿದರೆ ಆಗುವ ನಷ್ಟವು ದಂಡದ ಮೊತ್ತವನ್ನೇ ಮೀರಬಹುದಾದ್ದರಿಂದ ಆ 'ಅಂದೇ' ಎಂಬ ಮಾತಿನ ಬೆಲೆ ದೊಡ್ಡದು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕೆಂಬ ಕಟ್ಟಳೆಯೂ ಇದೆ.

ನಿಯಮ ಹೇರುವ ಸಂಸ್ಥೆಯೂ ನಿಯಮದಡಿ ಇರಬೇಕೆಂಬ ಮಾತಿಗೆ ಮಲಬಾರಿನೊಡನೆ ನಂಟಿದೆ. ತಲಶ್ಶೇರಿಯಲ್ಲಿ ವಕೀಲಿ ನಡೆಸಿ, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ವಿ. ಆರ್. ಕೃಷ್ಣ ಅಯ್ಯರ್ ಅವರು, ಚರಂಡಿ ಕಟ್ಟದ ಮಧ್ಯಪ್ರದೇಶದ ರತ್ಲಾಂ ನಗರಸಭೆಯ ಮೊಕದ್ದಮೆಯಲ್ಲಿ, ಹಣವಿಲ್ಲವೆಂಬ ನೆಪದಿಂದ ನೈರ್ಮಲ್ಯದ ಕರ್ತವ್ಯ ತಪ್ಪುವುದಿಲ್ಲವೆಂದು 1980ರಲ್ಲಿ ತೀರ್ಪಿತ್ತರು. ಕಸ ಎಸೆದವನಿಗೆ ದಂಡ ಹಾಕುವ ಮೊದಲು ಕಸ ಕೊಂಡೊಯ್ಯುವ ವ್ಯವಸ್ಥೆ ಇರಬೇಕೆಂಬುದು ಇದರಿಂದ ಸಹಜವಾಗಿ ಹೊರಡುವ ತರ್ಕ. ಶುಲ್ಕ ಪಡೆದು ಮನೆ-ಅಂಗಡಿಗಳಿಂದ ಒಣಕಸ ಸಂಗ್ರಹಿಸುವ ಮಹಿಳೆಯರ ಹರಿತ ಕರ್ಮ ಸೇನೆ ಕೇರಳದಲ್ಲಿ ಆ ಹೊಣೆ ಹೊತ್ತಿದೆ. ನಗರಸಭೆಯ ದುರಾಡಳಿತದ ವಿರುದ್ಧ ದೂರು ಕೇಳಲು ಸ್ಥಳೀಯ ಸಂಸ್ಥೆಗಳ ಒಂಬುಡ್ಸ್‌ಮನ್ ಎಂಬ ಸ್ವತಂತ್ರ ಪ್ರಾಧಿಕಾರವೂ ಇದೆ. 2024ರ ಜನವರಿ 1ರಿಂದ ರಾಜ್ಯದ ನಗರಸಭೆಗಳಲ್ಲಿ ಬಂದಿರುವ ಕೆ-ಸ್ಮಾರ್ಟ್ ಎಂಬ ಗಣಕ ವ್ಯವಸ್ಥೆಯಿಂದಾಗಿ, ಅರ್ಜಿ ಯಾವ ಮೇಜಿನಲ್ಲಿ ಎಷ್ಟು ದಿನ ನಿಂತಿತೆಂಬುದು ದಾಖಲೆಯಲ್ಲಿ ಉಳಿಯುವಂತಾಗಿದೆ; ಆದರೆ ಯಾವ ಅಂಗಡಿಗೆ ತಪಾಸಣೆಗೆ ಹೋಗಬೇಕು, ಯಾವುದನ್ನು ದಾಟಿ ಮುಂದೆ ನಡೆಯಬೇಕು ಎಂಬ ಆಯ್ಕೆ ಇಂದಿಗೂ ಬಹುಮಟ್ಟಿಗೆ ಆರೋಗ್ಯ ನಿರೀಕ್ಷಕನ ವಿವೇಚನೆಗೇ ಸೇರಿದೆ.